ಕಟಿಂಗ್ ಮೆಷಿನ್‌ನಿಂದ ಗ್ರೇಡಿಂಗ್ ಮೇಜಿಗೆ: ಕುಮಟಾ ಕಡೆಯ ಗೇರು ಕಾರ್ಖಾನೆಯೊಂದರ ಪ್ರಕರಣ

ಕುಮಟಾ ತಾಲೂಕಿನಲ್ಲಿ ಒಂದು ಗೇರುಬೀಜದ ಕಾರ್ಖಾನೆ. ನೂರಕ್ಕೂ ಹೆಚ್ಚು ಕೆಲಸಗಾರರು, ಅವರಲ್ಲಿ ಬಹುಪಾಲು ಹೆಂಗಸರು. ಈ ಪ್ರಕರಣದ ಕೆಲಸಗಾರ್ತಿಗೆ 43 ವರ್ಷ. ಹನ್ನೊಂದು ವರ್ಷಗಳಿಂದ ಕಟಿಂಗ್ ವಿಭಾಗದಲ್ಲಿ ಇದ್ದವರು, ಕೂಲಿ ಕಿಲೋ ಲೆಕ್ಕದ್ದು. ಗಂಡ ಟ್ರಾಲ್ ಬೋಟಿಗೆ ಹೋಗುತ್ತಾರೆ. ಮನೆಯಲ್ಲಿ ಇಬ್ಬರು ಓದುವ ಮಕ್ಕಳು, ಜೊತೆಗೆ ಸಂಘದ ಸಾಲ. 2024ರ ಜನವರಿಯಲ್ಲಿ ಎಡ ಸ್ತನದಲ್ಲಿ ಕ್ಯಾನ್ಸರ್ ಇರುವುದು ಗೊತ್ತಾಯಿತು. ಇದು ಒಬ್ಬರ ಬದುಕಿನ ದಾಖಲೆಯಲ್ಲ. ಕರಾವಳಿಯ ಗೇರು ಕಾರ್ಖಾನೆಗಳಲ್ಲಿ ಎದುರಾಗುವ ಸ್ಥಿತಿಗಳನ್ನು ಒಂದೇ ಪ್ರಕರಣವಾಗಿ ಜೋಡಿಸಿ ಬರೆದದ್ದು, ಹಾಗಾಗಿ ಯಾರ ಹೆಸರೂ ಇಲ್ಲ. ಕಾನೂನು, ಚಿಕಿತ್ಸೆ, ಯಂತ್ರ, ದಾರಿ ಇವುಗಳ ವಿವರ ಮಾತ್ರ ಇದ್ದದ್ದು ಇದ್ದಂತೆ.

ಚಿಕಿತ್ಸೆಯ ನಕ್ಷೆ ಇದು. ಫೆಬ್ರವರಿ 5ರಂದು ಶಸ್ತ್ರಚಿಕಿತ್ಸೆ. ಸ್ತನದ ಜೊತೆಗೆ ಎಡ ಕಂಕುಳಿನ ಗ್ರಂಥಿಗಳನ್ನೂ ತೆಗೆದರು. ಮಾರ್ಚ್ 4ರಿಂದ 21 ದಿನಕ್ಕೊಮ್ಮೆ ನಾಲ್ಕು ಸುತ್ತು ಕೀಮೋ, ಆಮೇಲೆ ವಾರಕ್ಕೊಂದರಂತೆ 12 ಡೋಸ್ ಪ್ಯಾಕ್ಲಿಟಾಕ್ಸೆಲ್ (ಇನ್ನೊಂದು ಕೀಮೋ ಔಷಧಿ), ಅದಾದ ಮೇಲೆ 15 ದಿನದ ವಿಕಿರಣ, ಕೊನೆಗೆ ದಿನಕ್ಕೊಂದು ಟ್ಯಾಮೊಕ್ಸಿಫೆನ್ ಮಾತ್ರೆ ಕನಿಷ್ಠ ಐದು ವರ್ಷ. ಮಾತ್ರೆಯ ಕಾಲ ಬಿಟ್ಟು ಒಟ್ಟಿಗೆ ಎಂಟು ತಿಂಗಳ ಮೇಲೆ. ಇಷ್ಟು ದಿನ ಒಂದೇ ಸಮನೆ ಗೈರಾದವರ ಹೆಸರು ಹಾಜರಿ ಪುಸ್ತಕದಿಂದ ಅಳಿಸಿಹೋಗುವುದು ಯಾರೋ ಕೆಟ್ಟ ಮನಸ್ಸಿನಿಂದ ಅಳಿಸಿದ್ದಕ್ಕೇ ಆಗಬೇಕೆಂದಿಲ್ಲ. ಬಹಳ ಸಲ ಒಳ್ಳೆಯ ಮಾತಿನಿಂದಲೇ ಆಗುತ್ತದೆ.

ಇಲ್ಲೂ ಆದದ್ದು ಅದೇ. ಸುದ್ದಿ ತಿಳಿದ ದಿನ ಸೂಪರ್‌ವೈಜರ್ ಹೇಳಿದ್ದು: “ಪೂರ್ತಿ ಗುಣ ಆದ್ಮೇಲೆ ಬಾ ತಂಗಿ, ನಿನ್ನ ಜಾಗ ಎಲ್ಲಿಗೆ ಹೋಗ್ತದೆ?” ಮಾತಿನಲ್ಲಿ ಕಪಟವಿಲ್ಲ, ಆದರೆ ಕಾಗದವೂ ಇಲ್ಲ. ಸೂಪರ್‌ವೈಜರ್ ಬದಲಾಗಬಹುದು, ಕಾರ್ಖಾನೆ ಲೀಸ್‌ಗೆ ಹೋಗಬಹುದು. ಆಗ ಹಾಜರಿ ಪುಸ್ತಕದಲ್ಲಿ ಉಳಿಯುವುದು ಸಾಲಾಗಿ ಹಾಕಿದ ಗೈರುಹಾಜರಿ ಗುರುತುಗಳು ಮಾತ್ರ. ರಜೆಯಿಲ್ಲದೆ ಸತತ ಹತ್ತು ದಿನಕ್ಕಿಂತ ಹೆಚ್ಚು ಗೈರಾಗುವುದು ಮಾದರಿ ಸ್ಥಾಯಿ ಆದೇಶಗಳ (ಕಾರ್ಖಾನೆಯ ಸೇವಾ ನಿಯಮಗಳಿಗೆ ಸರ್ಕಾರ ಕೊಟ್ಟ ಮಾದರಿ) ಪ್ರಕಾರ ದುರ್ನಡತೆ. ಕೈಗಾರಿಕಾ ವಿವಾದ ಕಾಯ್ದೆಯಲ್ಲಿ, ದೀರ್ಘ ಅನಾರೋಗ್ಯದ ಕಾರಣಕ್ಕೆ ಕೆಲಸದಿಂದ ತೆಗೆದರೆ ಅದು ‘ರಿಟ್ರೆಂಚ್‌ಮೆಂಟ್’ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ಅದರ ಪರಿಹಾರವೂ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕ್ಯಾನ್ಸರ್ ಇಲ್ಲ. ಕೊನೆಗೆ ಕೈಯಲ್ಲಿ ಉಳಿಯುವ ಗಟ್ಟಿ ಹಿಡಿಕೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಒಂದೇ.

ರಾಜೀನಾಮೆ ಎಂಬ ಮೊದಲ ಗುಂಡಿ

ಶಸ್ತ್ರಚಿಕಿತ್ಸೆಗೆ ಮೊದಲೇ ಬಂದ ಸಲಹೆ ರಾಜೀನಾಮೆಯದು. ಸಂಘದ ಸಾಲದ ಕಂತು ವಾರ ವಾರ ಕಟ್ಟಬೇಕು, ಕೈಯಲ್ಲಿ ಹಣವಿಲ್ಲ. ಕೆಲಸ ಬಿಟ್ಟರೆ ಪಿಎಫ್ ಪೂರ್ತಿ ಸಿಗುತ್ತದೆ ಎಂದು ಹತ್ತಿರದವರೇ ಹೇಳಿದರು. ಈ ಲೆಕ್ಕದಲ್ಲಿ ಕಾಣದೆ ಹೋಗುವುದೇನೆಂದರೆ, ರಾಜೀನಾಮೆ ಬಿದ್ದ ದಿನ ಆಕೆ ‘ಕೆಲಸಗಾರ್ತಿ’ ಅಲ್ಲವಾಗುತ್ತಾರೆ. ಇಎಸ್‌ಐನ ದೀರ್ಘಾವಧಿ ಭತ್ಯೆಗೂ ಕೆಲಸದ ರಕ್ಷಣೆಗೂ ಕಾಲಿಡುವ ಮೊದಲೇ ಬಾಗಿಲು ಹಾಕಿಕೊಂಡಂತೆ.

ಪಿಎಫ್ ಹಣಕ್ಕೆ ರಾಜೀನಾಮೆ ಬೇಕಾಗಿಯೇ ಇರಲಿಲ್ಲ. ಆಗ ಜಾರಿಯಲ್ಲಿದ್ದ ಇಪಿಎಫ್ ಯೋಜನೆಯ 68ಜೆ ಕಂಡಿಕೆಯಲ್ಲಿ ಕ್ಯಾನ್ಸರ್ ಹೆಸರು ನೇರವಾಗಿಯೇ ಇತ್ತು. ಆರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಇಲ್ಲವೇ ಬಡ್ಡಿ ಸೇರಿ ತನ್ನ ಪಾಲಿನ ವಂತಿಗೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮುಂಗಡ ಪಡೆಯಬಹುದು, ಹಿಂತಿರುಗಿಸಬೇಕಿಲ್ಲ. ಇಷ್ಟು ವರ್ಷ ಕೆಲಸ ಮಾಡಿರಬೇಕು ಎಂಬ ಷರತ್ತೂ ಇಲ್ಲ. ಫಾರ್ಮ್ 31 ಆನ್‌ಲೈನಿನಲ್ಲೇ ತುಂಬುವಂಥದ್ದು. ತಡವಾದದ್ದು ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್ ಖಾತೆಯಲ್ಲಿ ಇನ್ನೊಂದು ಹೆಸರು ಇದ್ದದ್ದರಿಂದ. ಮದುವೆಯ ನಂತರ ಹೆಸರಿನ ಮುಂದೆ ಗಂಡನ ಹೆಸರು ಸೇರಿಸಿಕೊಂಡ ಹೆಂಗಸರಲ್ಲಿ ಈ ತೊಡಕು ಎಷ್ಟು ಸಾಮಾನ್ಯವೆಂದರೆ, ರೋಗವಿಲ್ಲದವರೂ ಇವತ್ತೇ ನೋಡಿಕೊಳ್ಳುವುದು ಒಳ್ಳೆಯದು. ಇಎಸ್‌ಐ ದಾಖಲೆಯಲ್ಲೂ ಅದೇ ಹೆಸರು, ಅದೇ ಬ್ಯಾಂಕ್ ಖಾತೆ ಇರಬೇಕು.

ಗ್ರಾಚ್ಯುಟಿ ಬಗ್ಗೆಯೂ ಒಂದು ಭಯ ಇತ್ತು: ಇಷ್ಟು ದಿನ ಮನೆಯಲ್ಲಿದ್ದರೆ ಸೇವೆ ಮುರಿಯುವುದಿಲ್ಲವೇ? ಕಾಯಿಲೆಯಿಂದಾದ ಗೈರುಹಾಜರಿ ಸೇವೆಯ ನಿರಂತರತೆಯನ್ನು ಮುರಿಯುವುದಿಲ್ಲ ಎಂದು ಗ್ರಾಚ್ಯುಟಿ ಕಾಯ್ದೆಯ 2ಎ ಕಲಮು ಹೇಳುತ್ತದೆ. ಕಾಯಿಲೆಯೆಂದು ತೋರಿಸುವ ಕಾಗದ ಇರಬೇಕು, ಅಷ್ಟೆ.

ಇಎಸ್‌ಐ ದಿನಗಳನ್ನು ಎಣಿಸುವ ರೀತಿ

ಈ ಪ್ರಕರಣದ ಅರ್ಧ ಭಾಗ ಇಲ್ಲೇ ಇದೆ, ಹಾಗಾಗಿ ನಿಧಾನವಾಗಿ ಹೇಳಬೇಕು.

ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ವೇತನದ ಶೇ 0.75 ಕೆಲಸಗಾರರದು, ಶೇ 3.25 ಮಾಲಿಕರದು. ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಎಂದು ವಂತಿಗೆಗೆ ಎರಡು ಅವಧಿ. ಒಂದು ಅವಧಿಯಲ್ಲಿ 78 ದಿನದ ವಂತಿಗೆ ಇದ್ದರೆ ಅದಕ್ಕೆ ಹೊಂದಿದ ಮುಂದಿನ ಆರು ತಿಂಗಳಲ್ಲಿ ಕಾಯಿಲೆ ಭತ್ಯೆ ಸಿಗುತ್ತದೆ. ಏಪ್ರಿಲ್–ಸೆಪ್ಟೆಂಬರ್‌ನ ದುಡಿಮೆ ಮುಂದಿನ ಜನವರಿ–ಜೂನ್‌ಗೆ, ಅಕ್ಟೋಬರ್–ಮಾರ್ಚ್‌ನದು ಜುಲೈ–ಡಿಸೆಂಬರ್‌ಗೆ. ಭತ್ಯೆಯ ದರ ಸರಾಸರಿ ದಿನಗೂಲಿಯ ಶೇ 70, ವರ್ಷಕ್ಕೆ 91 ದಿನ. ಅದು ಮುಗಿದ ಮೇಲೆ, ಪಟ್ಟಿ ಮಾಡಿದ 34 ದೀರ್ಘ ಕಾಯಿಲೆಗಳಿಗೆ ಶೇ 80ರ ದರದಲ್ಲಿ ಎರಡು ವರ್ಷದವರೆಗೆ ವಿಸ್ತರಿತ ಭತ್ಯೆ ಇದೆ. ಕ್ಯಾನ್ಸರ್ ಆ ಪಟ್ಟಿಯಲ್ಲಿದೆ. ಎರಡು ವರ್ಷದ ನಿರಂತರ ಸೇವೆ, ಹಿಂದಿನ ನಾಲ್ಕು ಅವಧಿಗಳಲ್ಲಿ ಒಟ್ಟು 156 ದಿನದ ವಂತಿಗೆ ಅದರ ಷರತ್ತು. ಹನ್ನೊಂದು ವರ್ಷದವರಿಗೆ ಇದು ಕಷ್ಟವಾಗಲಿಲ್ಲ. ಕಿಲೋ ಲೆಕ್ಕದ ಕೆಲಸದಲ್ಲಿ ಮಾತ್ರ ಒಂದು ಅಪಾಯವಿದೆ: ಎರಡು ದಿನದ ಕೂಲಿಯನ್ನು ಒಂದೇ ದಿನದ ಸಾಲಿಗೆ ಬರೆದು ಮುಗಿಸುವ ಕಡೆ ಹಣ ಸರಿಯಿದ್ದರೂ ದಿನ ಕಡಿಮೆ ಬೀಳುತ್ತದೆ. 78ಕ್ಕೆ ಎರಡು ಕಡಿಮೆಯಾದರೂ ಕಡಿಮೆಯೇ.

ಭತ್ಯೆ ಇಡೀ ದಿನದ ಲೆಕ್ಕದಲ್ಲಿ ಸಿಗುತ್ತದೆ. ಕೆಲಸ ಮಾಡಿದ ದಿನಕ್ಕಾಗಲೀ ಸಂಬಳದ ರಜೆ ಪಡೆದ ದಿನಕ್ಕಾಗಲೀ ಭತ್ಯೆಯಿಲ್ಲ ಎಂದು ಇಎಸ್‌ಐ ಕಾಯ್ದೆಯ 63ನೇ ಕಲಮು ಹೇಳುತ್ತದೆ. ಮಾಲಿಕರು ಮನಃಪೂರ್ವಕವಾಗಿಯೇ “ಅರ್ಧ ದಿನ ಬಂದು ಹೋಗಲಿ” ಎಂದರು. ಲೆಕ್ಕ ಹಾಕಿ ನೋಡಿ. ಸರಾಸರಿ ದಿನಗೂಲಿ 450 ರೂಪಾಯಿ ಎಂದಿಟ್ಟುಕೊಂಡರೆ ಅರ್ಧ ದಿನಕ್ಕೆ 225. ಮನೆಯಲ್ಲೇ ಇದ್ದಿದ್ದರೆ ಶೇ 70ರಂತೆ 315, ವಿಸ್ತರಿತ ಭತ್ಯೆಯಾದರೆ 360. ಅಂದರೆ ಅರ್ಧ ದಿನ ಬಂದದ್ದಕ್ಕೆ ದಂಡ ಕಟ್ಟಿದ ಹಾಗೆ. ಬೇರೆ ಕಡೆ ಚೆನ್ನಾಗಿ ನಡೆಯುವ ‘ದಿನಕ್ಕೆ ನಾಲ್ಕು ತಾಸು’ ಎಂಬ ವ್ಯವಸ್ಥೆ ಇಎಸ್‌ಐ ಕೆಲಸಗಾರರಿಗೆ ಹೊಂದುವುದಿಲ್ಲ. ಬಂದರೆ ಪೂರ್ತಿ ದಿನ, ಇಲ್ಲದಿದ್ದರೆ ಪೂರ್ತಿ ರಜೆ. ವಾರದಲ್ಲಿ ಎಷ್ಟು ದಿನ ಎಂಬುದನ್ನು ಮಾತ್ರ ಏರಿಸಿ ಇಳಿಸಬಹುದು.

ಕಾಯಿಲೆಯ ಪ್ರತಿ ಹೊಸ ಕಂತಿನ ಮೊದಲ ಎರಡು ದಿನಕ್ಕೆ ಭತ್ಯೆ ಇಲ್ಲ. ಹಿಂದಿನ ಕಂತು ಮುಗಿದ 15 ದಿನದೊಳಗೆ ಹೊಸ ಕಂತು ಶುರುವಾದರೆ ಆ ಎರಡು ದಿನದ ಕಡಿತವೂ ಇಲ್ಲ. 21 ದಿನದ ಕೀಮೋ ಸುತ್ತಿನಲ್ಲಿ ಮೊದಲ ಎರಡು ವಾರ ರಜೆ, ಮೂರನೇ ವಾರ ಕೆಲಸ ಎಂದಾದರೆ ನಡುವಿನ ಅಂತರ ಒಂದು ವಾರ ಮಾತ್ರ, ಕಡಿತ ತಪ್ಪುತ್ತದೆ.

ರಕ್ಷಣೆಯ ಮಾತು 73ನೇ ಕಲಮಿನಲ್ಲಿದೆ. ಕಾಯಿಲೆ ಭತ್ಯೆ ಪಡೆಯುತ್ತಿರುವಾಗ, ಅಥವಾ (ನಿಯಮಗಳಲ್ಲಿ ಬಿಟ್ಟ ಸಂದರ್ಭಗಳ ಹೊರತು) ಕ್ರಮಬದ್ಧ ಸರ್ಟಿಫಿಕೇಟ್ ಇರುವ ಕಾಯಿಲೆಯಿಂದ ಗೈರಾಗಿರುವಾಗ ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ, ಶಿಕ್ಷಿಸುವಂತಿಲ್ಲ. ಇಲ್ಲಿ ಭಾರ ಇರುವುದು ‘ಕ್ರಮಬದ್ಧ ಸರ್ಟಿಫಿಕೇಟ್’ ಎಂಬಲ್ಲಿ. ದೊಡ್ಡ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್ ಎಷ್ಟೇ ದಪ್ಪವಿದ್ದರೂ ಅದು ಇಎಸ್‌ಐ ಸರ್ಟಿಫಿಕೇಟ್ ಅಲ್ಲ. ಅದನ್ನು ಇಎಸ್‌ಐ ವೈದ್ಯರಿಗೆ ತೋರಿಸಿ, ಅವರಿಂದ ಮೊದಲ, ನಡುವಿನ ಮತ್ತು ಅಂತಿಮ ಸರ್ಟಿಫಿಕೇಟ್ ಪಡೆಯಬೇಕು. ದೀರ್ಘ ಕಾಯಿಲೆಯಾದರೆ ಒಂದೇ ಸಲ ನಾಲ್ಕು ವಾರದವರೆಗೆ ಬರೆಯಲು ಅವಕಾಶವಿದೆ. ಕೇಳದಿದ್ದರೆ ವಾರ ವಾರ ಓಡಾಡಿಸುವುದೇ ರೂಢಿ. ಪ್ರತಿ ಸರ್ಟಿಫಿಕೇಟಿನ ನಕಲನ್ನು ಕಾರ್ಖಾನೆಗೆ ಕೊಟ್ಟು ಇನ್ನೊಂದು ನಕಲಿನ ಮೇಲೆ ತಾರೀಖು ಸಹಿತ ಸಹಿ ಪಡೆಯುವ ಕೆಲಸವನ್ನು ಈ ಮನೆಯಲ್ಲಿ ಪಿಯುಸಿ ಓದುವ ಮಗಳು ನೋಡಿಕೊಂಡಳು. ಕಾಯಿಲೆ ಬಿದ್ದವರಿಗೇ ಈ ಹೊಣೆ ಹೊರಿಸಿದರೆ ಎರಡನೇ ಸುತ್ತಿನ ಹೊತ್ತಿಗೆ ಕಾಗದದ ಸರಪಳಿ ತುಂಡಾಗುವುದು ಖಂಡಿತ.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇಲ್ಲಿ ಹೇಳಿದ ಕಾರ್ಮಿಕ ಕಾಯ್ದೆಗಳೂ ಅವುಗಳ ಕಲಮುಗಳ ಸಂಖ್ಯೆಯೂ 2024ರ ಕಾಲದ್ದು. ಈಗ ಅರ್ಜಿ ಬರೆಯುವವರು ಹೊಸ ಸಂಖ್ಯೆ ನೋಡಿಕೊಳ್ಳಬೇಕು.

ಏಪ್ರಿಲ್ 8

ಮೊದಲೆರಡು ಸುತ್ತು ಕೀಮೋ ಮುಗಿದು, ಎರಡನೇ ಸುತ್ತಿನ ಮೂರನೇ ವಾರದಲ್ಲಿ ಆಕೆ ಕೆಲಸಕ್ಕೆ ಹೋದರು. ಅಂತಿಮ ಸರ್ಟಿಫಿಕೇಟಿನಲ್ಲಿ ಇದ್ದದ್ದು ‘ಕೆಲಸಕ್ಕೆ ಯೋಗ್ಯ’ ಎಂಬ ಒಂದೇ ಮಾತು. ಯಾವ ಕೆಲಸಕ್ಕೆ ಎಂದು ಅದರಲ್ಲಿ ಬರೆಯುವುದಿಲ್ಲ. ಹಾಗಾಗಿ ಸೂಪರ್‌ವೈಜರ್ ಆಕೆಯನ್ನು ಹಳೆಯ ಜಾಗದಲ್ಲೇ ಕೂರಿಸಿದರು.

ಕಟಿಂಗ್ ಎಂದರೆ ಹಬೆಯಲ್ಲಿ ಬೇಯಿಸಿ ಆರಿಸಿದ ಬೀಜವನ್ನು ಒಂದು ಕೈಯಿಂದ ಬ್ಲೇಡುಗಳ ನಡುವೆ ಇಟ್ಟು, ಕಾಲಿನಿಂದ ಪೆಡಲ್ ಒತ್ತಿ, ಇನ್ನೊಂದು ಕೈಯಿಂದ ಹಿಡಿಕೆ ಎಳೆದು ಸೀಳುವುದು. ಸಿಪ್ಪೆ ಒಡೆದಾಗ ಗೇರೆಣ್ಣೆ ಒಸರುತ್ತದೆ. ಅದರಲ್ಲಿರುವ ಅನಾಕಾರ್ಡಿಕ್ ಆಮ್ಲ ಮತ್ತು ಕಾರ್ಡಾಲ್ ಚರ್ಮವನ್ನು ಸುಟ್ಟು ಬೊಬ್ಬೆ ಬರಿಸುತ್ತವೆ. ಕೆಲಸದವರು ಕೈಗೆ ಹರಳೆಣ್ಣೆ ಸವರಿ ಬೂದಿ ಹಚ್ಚಿಕೊಳ್ಳುವುದು ಅದಕ್ಕೇ. ಆರೋಗ್ಯವಂತ ಕೈಗೆ ಇದು ದಿನನಿತ್ಯದ ಕಿರಿಕಿರಿ. ಕಂಕುಳಿನ ಗ್ರಂಥಿ ತೆಗೆದ ತೋಳಿನ ಮಾತು ಬೇರೆ. ಅಲ್ಲಿ ದುಗ್ಧರಸ ಹರಿದು ಹೋಗುವ ದಾರಿ ಕಡಿಮೆಯಾಗಿರುತ್ತದೆ, ಸಣ್ಣ ಸುಟ್ಟಗಾಯ, ಬ್ಲೇಡಿನ ಗೀರು ಕೂಡ ಸೋಂಕಿಗೆ ಬಾಗಿಲಾಗುತ್ತದೆ. ಒಮ್ಮೆ ಸೋಂಕು ಹತ್ತಿದರೆ ತೋಳು ಊದಿಕೊಳ್ಳುವ ಸಾಧ್ಯತೆಯೂ ಏರುತ್ತದೆ. ಈಕೆ ಬೀಜ ಹಿಡಿಯುತ್ತಿದ್ದದ್ದು ಎಡಗೈಯಲ್ಲಿ, ಶಸ್ತ್ರಚಿಕಿತ್ಸೆಯಾದ ಬದಿಯಲ್ಲಿ.

ಮೊದಲ ದಿನವೇ ಮುಂಗೈಗೆ ಎಣ್ಣೆ ತಾಗಿ ಚರ್ಮ ಸುಲಿಯಿತು. ಮೂರನೇ ದಿನ ಸಂಜೆ ತೋಳು ಕೆಂಪಾಗಿ ಬಿಸಿಯೇರಿ, ಜ್ವರ 100.4 ಡಿಗ್ರಿ ದಾಟಿತು. ಕೀಮೋ ನಡೆಯುತ್ತಿರುವಾಗ ಈ ಅಂಕಿ ದಾಟಿದರೆ ಬೆಳಗಾಗಲೆಂದು ಕಾಯಬಾರದು, ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು, ಹೋದರು. ಆ್ಯಂಟಿಬಯೋಟಿಕ್‌ನಿಂದ ಸೋಂಕು ತಗ್ಗಿತು. ಏಪ್ರಿಲ್ 15ಕ್ಕೆ ಇದ್ದ ಮೂರನೇ ಸುತ್ತು ಒಂದು ವಾರ ಮುಂದೆ ಹೋಯಿತು.

ಕಾರ್ಖಾನೆಯ ಮೊದಲ ಪ್ರತಿಕ್ರಿಯೆ “ನಾವು ಮೊದಲೇ ಹೇಳಿರಲಿಲ್ವಾ, ಪೂರ್ತಿ ಗುಣ ಆದ್ಮೇಲೇ ಬರ್ಲಿ ಅಂತ” ಎಂಬುದು. ಸಹಜವೇ. ಆದರೆ ಆ ವಾರ ಕೆಟ್ಟದ್ದು ಕೆಲಸಕ್ಕೆ ಬಂದದ್ದರಿಂದಲ್ಲ, ಕೂತ ಜಾಗದಿಂದ.

ಒಂದು ಪುಟದ ಪತ್ರ

ಚಿಕಿತ್ಸೆ ಕೊಡುವ ವೈದ್ಯರಿಂದ ಈ ಸಲ ಬೇರೆ ಬಗೆಯ ಪತ್ರ ಬರೆಸಲಾಯಿತು. ಅದರಲ್ಲಿ ರೋಗದ ಹೆಸರಿಲ್ಲ, ಕೆಲಸದ ಮಿತಿ ಮಾತ್ರ ಇದೆ. ಎಡಗೈಗೆ ಗೇರೆಣ್ಣೆ, ಬ್ಲೇಡು, ಬಿಸಿ ತಟ್ಟೆ ತಾಗುವ ಕೆಲಸ ಬೇಡ. ಎಡಗೈಯಲ್ಲಿ 5 ಕಿಲೋಗಿಂತ ಹೆಚ್ಚು ಎತ್ತುವುದು ಸದ್ಯಕ್ಕೆ ಬೇಡ. ಬೋರ್ಮಾ (ತಿರುಳು ಒಣಗಿಸುವ ಬಿಸಿಗೂಡು) ಪಕ್ಕದ ಕೋಣೆ ಬೇಡ. ತಾಸಿಗೊಮ್ಮೆ ಐದು ನಿಮಿಷ ಎದ್ದು ತೋಳು ಆಡಿಸಲು, ನೀರು ಕುಡಿಯಲು, ಬಚ್ಚಲಿಗೆ ಹೋಗಲು ಬಿಡಬೇಕು. ಚಿಕಿತ್ಸೆಯ ದಿನಗಳು ‘ಸುಮಾರು’ ಇಂತಿಂಥವು, ಹಿಂದುಮುಂದಾಗಬಹುದು. ಪತ್ರದ ಅವಧಿ ಮೂರು ತಿಂಗಳು, ನಂತರ ಮರುಪರಿಶೀಲನೆ.

ರೋಗದ ಹೆಸರು ಬಿಟ್ಟದ್ದಕ್ಕೆ ಕಾರಣವಿದೆ. ಇಎಸ್‌ಐ ಕಾಗದದಲ್ಲಿ ಅದು ಹೇಗೂ ಇರುತ್ತದೆ, ಅದು ಕಚೇರಿಯ ಕಡತಕ್ಕೆ ಹೋಗುತ್ತದೆ. ಸೂಪರ್‌ವೈಜರ್ ಗೋಡೆಗೆ ಅಂಟಿಸಿಕೊಳ್ಳುವ ಹಾಳೆಯಲ್ಲಿ ಬೇಕಿರುವುದು ಯಾವ ಕೆಲಸ ಕೊಡಬಹುದು, ಯಾವುದು ಕೂಡದು ಎಂಬುದಷ್ಟೆ. ‘ಹಗುರ ಕೆಲಸ ಕೊಡಿ’ ಎಂದು ಬರೆದ ಪತ್ರಕ್ಕೆ ಗೇರು ಕಾರ್ಖಾನೆಯಲ್ಲಿ ಅರ್ಥವೇ ಇಲ್ಲ. ಕಟಿಂಗ್‌ನಲ್ಲಿ ಎತ್ತುವ ಭಾರ ಏನೂ ಇಲ್ಲ, ಸೂಪರ್‌ವೈಜರ್ ಕಣ್ಣಿಗೆ ಅದೂ ಹಗುರವೇ.

ಪತ್ರ ಹಿಡಿದು ವಿಭಾಗಗಳನ್ನು ಒಂದೊಂದಾಗಿ ನೋಡಿದರೆ ಉಳಿಯುವ ಜಾಗ ಬಹಳ ಕಡಿಮೆ. ಬೋರ್ಮಾದಲ್ಲಿ ಸುಮಾರು 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತಿರುಳು ಒಣಗುತ್ತದೆ, ಅದರ ತಟ್ಟೆ ಎಳೆದು ಹೊರಗಿಡುವ ಕೆಲಸ ಸಾಧ್ಯವೇ ಇಲ್ಲ. ಪೀಲಿಂಗ್‌ನಲ್ಲಿ ಎಣ್ಣೆಯಿಲ್ಲ, ಕೂತೇ ಮಾಡಬಹುದು, ಆದರೆ ಒಳಸಿಪ್ಪೆ ಕೆರೆಯಲು ಚಿಕ್ಕ ಚೂರಿ ಬೇಕು. ಪ್ಯಾಕ್ಲಿಟಾಕ್ಸೆಲ್ ಶುರುವಾದ ಮೇಲೆ ಬೆರಳ ತುದಿ ಜೋಮು ಹಿಡಿಯುವುದು ಸಾಮಾನ್ಯ, ಜೋಮು ಹಿಡಿದ ಬೆರಳಿನ ಎದುರು ಚೂರಿ ಆಡಿಸಿದರೆ ಗಾಯವಾದದ್ದೂ ತಿಳಿಯುವುದಿಲ್ಲ. ಪ್ಯಾಕಿಂಗ್‌ನಲ್ಲಿ ಒಂದು ಟಿನ್ನಿನ ತಿರುಳೇ 11.34 ಕಿಲೋ, ಮಿತಿಯ ದುಪ್ಪಟ್ಟಿಗೂ ಹೆಚ್ಚು. ಉಳಿದದ್ದು ಗ್ರೇಡಿಂಗ್. ಟ್ಯೂಬ್‌ಲೈಟಿನ ಕೆಳಗೆ ಮೇಜಿನ ಮುಂದೆ ಕೂತು ಇಡೀ ತಿರುಳನ್ನು ಗಾತ್ರ, ಬಣ್ಣ ನೋಡಿ ಬೇರ್ಪಡಿಸುವುದು. ಎಣ್ಣೆಯಿಲ್ಲ, ಅಲಗಿಲ್ಲ, ಬಿಸಿಯಿಲ್ಲ. ಇನ್ನೂ ಒಂದು ಅನುಕೂಲ: ಆ ಕೋಣೆಯಲ್ಲಿ ಎಲ್ಲರೂ ತಲೆಗೆ ಟೋಪಿ ಹಾಕಿಕೊಂಡೇ ಕೂರುವುದು, ಕೂದಲು ಉದುರಿದ ತಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಡ್ಡ ಬಂದದ್ದು ಬೇರೆಯ ವಿಷಯ. ಗ್ರೇಡಿಂಗ್ ಕಾರ್ಖಾನೆಯಲ್ಲಿ ಎಲ್ಲರೂ ಆಸೆಪಡುವ ಜಾಗ. ಕೈ ಸುಡದ, ಬಟ್ಟೆ ಹಾಳಾಗದ ಕೆಲಸ. ಅಲ್ಲಿಗೆ ಹೋಗಲು ವರ್ಷಗಟ್ಟಲೆ ಕಾದವರಿದ್ದಾರೆ. ಕಟಿಂಗ್‌ನವರೊಬ್ಬರನ್ನು ಏಕಾಏಕಿ ತಂದು ಕೂರಿಸಿದರೆ ಕಾದವರು ಸುಮ್ಮನಿರುವುದಿಲ್ಲ, ಅವರ ಸಿಟ್ಟು ಅನ್ಯಾಯವೂ ಅಲ್ಲ. ಆ ಸಮಯಕ್ಕೆ ಗ್ರೇಡಿಂಗ್‌ನಲ್ಲಿದ್ದ ಒಬ್ಬರು 26 ವಾರದ ಹೆರಿಗೆ ರಜೆಗೆ ಹೊರಟಿದ್ದರು. ಅವರು ಮರಳುವವರೆಗೆ ಮಾತ್ರ, ಹಿರಿತನದ ಪಟ್ಟಿಯಲ್ಲಿ ಯಾರ ಸ್ಥಾನವೂ ಬದಲಾಗದಂತೆ ಎಂದು ಬರೆದು, ಆ ಹಾಳೆಯನ್ನು ಕಾದಿದ್ದ ಇಬ್ಬರಿಗೂ ಓದಿ ಹೇಳಿದ ಮೇಲೆ ತಕರಾರು ನಿಂತಿತು. ಖಾಲಿ ಜಾಗ ಇಲ್ಲದಿದ್ದರೆ ಇದು ಇಷ್ಟು ಸಲೀಸಾಗಿ ಬಗೆಹರಿಯುತ್ತಿರಲಿಲ್ಲ. ಅಂಥಲ್ಲಿ ಪೀಲಿಂಗ್‌ನಲ್ಲೇ ಚೂರಿ ಬೇಡದ ಕೆಲಸ, ಅಂದರೆ ಸಿಪ್ಪೆ ಸಡಿಲವಾದ ತಿರುಳನ್ನು ಕೈಯಲ್ಲಿ ಉಜ್ಜಿ ಬಿಡಿಸುವುದನ್ನು ಬೇರೆ ಮಾಡಿ ಕೊಡುವುದು ಮುಂದಿನ ದಾರಿ.

ಕೂಲಿಯಲ್ಲಿ ಒಂದಿಷ್ಟು ನಷ್ಟವಾಯಿತು. ಕಟಿಂಗ್‌ನಲ್ಲಿ ಕೈ ಪಳಗಿದವರು ಕಿಲೋ ಲೆಕ್ಕದಲ್ಲಿ ದಿನಗೂಲಿಗಿಂತ ಮೇಲೆ ಗಳಿಸುತ್ತಾರೆ, ಗ್ರೇಡಿಂಗ್ ಇಲ್ಲಿ ದಿನಗೂಲಿಯದು. ಇಎಸ್‌ಐ ಭತ್ಯೆಯ ಸರಾಸರಿ ಹಿಂದಿನ ಅವಧಿಯ ಕೂಲಿಯ ಮೇಲೆ ನಿಂತಿರುವುದರಿಂದ ಆ ಹೊತ್ತಿಗೆ ಭತ್ಯೆ ತಗ್ಗಲಿಲ್ಲ.

ಮಳೆಗಾಲದ ಹನ್ನೆರಡು ಶುಕ್ರವಾರ

ಮೇ ಮಧ್ಯಕ್ಕೆ 91 ದಿನ ಮುಗಿದು ವಿಸ್ತರಿತ ಭತ್ಯೆ ಶುರುವಾಯಿತು. ಜೂನ್ 7ರಿಂದ ವಾರದ ಡೋಸ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಬೋಟು ದಡದಲ್ಲಿ. ಮನೆಯ ಇನ್ನೊಂದು ಆದಾಯ ನಿಂತ ಹೊತ್ತಿಗೇ ಈಕೆಯ ಕೂಲಿಗೆ ಬೆಲೆ ಬಂತು. ಆಸ್ಪತ್ರೆಗೆ ಜೊತೆಯಲ್ಲಿ ಹೋಗಲು ಗಂಡನಿಗೆ ಬಿಡುವೂ ಸಿಕ್ಕಿತು.

ಉತ್ತರ ಕನ್ನಡದವರು ವಿಕಿರಣ, ಕೀಮೋಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಗೋವೆ ಎಂದು ಹಂಚಿಹೋಗುತ್ತಾರೆ. ಇವರು ಹುಬ್ಬಳ್ಳಿ ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ ಕೆಂಪು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲ. ಹನ್ನೆರಡು ಸಲ ಹೋಗಿ ಬರುವವರಿಗೆ ಇದು ಸಣ್ಣ ಮೊತ್ತವಲ್ಲ. ದಕ್ಷಿಣಕ್ಕೆ ರೈಲಿನಲ್ಲಿ ಹೋಗುವವರಿಗೆ ಕ್ಯಾನ್ಸರ್ ರೋಗಿಗಳ ರಿಯಾಯಿತಿ ಇದೆ: ಸ್ಲೀಪರ್‌ನಲ್ಲಿ ರೋಗಿಗೆ ಪೂರ್ತಿ ಮಾಫಿ, ಜೊತೆಗಾರರಿಗೆ ಶೇ 75. ಆಸ್ಪತ್ರೆಯಿಂದ ನಿಗದಿತ ನಮೂನೆಯ ಸರ್ಟಿಫಿಕೇಟ್ ತರಬೇಕು.

ಡೋಸಿಗೆ ಶುಕ್ರವಾರ ಕೇಳಿಕೊಂಡದ್ದು ಯೋಚಿಸಿಯೇ. ಶುಕ್ರವಾರ ಡೋಸ್, ಮೈಕೈ ನೋವು ಜೋರಾಗುವುದು ಎರಡು ಮೂರು ದಿನದ ಮೇಲೆ, ಅಂದರೆ ಭಾನುವಾರ, ಸೋಮವಾರ. ಮಂಗಳ, ಬುಧ, ಗುರು ಕೆಲಸ. ವಾರದ ರಜೆಯೂ ನೋವಿನ ದಿನವೂ ಒಂದಕ್ಕೊಂದು ಹೊಂದಿದವು.

ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯಿತು. ಕುಮಟಾದಿಂದ ಅಂಕೋಲಾ, ಯಲ್ಲಾಪುರ ಹಾದು ಹುಬ್ಬಳ್ಳಿಗೆ ಹೋಗುವ ದಾರಿಯೇ ಮುಚ್ಚಿದ ಹಾಗೆ. ಆ ಮಳೆಯಲ್ಲಿ ಘಟ್ಟದ ಬೇರೆ ರಸ್ತೆಯ ಭರವಸೆಯೂ ಇರಲಿಲ್ಲ. 19ರ ಡೋಸ್ ಆಸ್ಪತ್ರೆಯನ್ನು ಫೋನಿನಲ್ಲಿ ಕೇಳಿ 26ಕ್ಕೆ ಹೋಯಿತು. ಕಾರ್ಖಾನೆಗೆ ಕೊಟ್ಟ ಪತ್ರದಲ್ಲಿ ತಾರೀಖಿನ ಬದಲು ‘ಸುಮಾರು’ ಎಂದಿದ್ದದ್ದು ಆಗ ಉಪಯೋಗಕ್ಕೆ ಬಂತು. ಹೊಸ ಪತ್ರಕ್ಕೆ ಓಡಾಡುವ ಪ್ರಮೇಯ ಬರಲಿಲ್ಲ.

ಎಂಟನೇ ಡೋಸಿನ ಹೊತ್ತಿಗೆ ಬೆರಳು ಜೋಮು ಹಿಡಿಯಿತು. ರವಿಕೆಯ ಹುಕ್ಕು ಹಾಕಲು ತಡಕಾಡುವುದು ಮೊದಲ ಗುರುತು, ವೈದ್ಯರು ಕೇಳುವ ಪ್ರಶ್ನೆಯೂ ಅದೇ. ಗ್ರೇಡಿಂಗ್‌ನಲ್ಲಿ ಸಣ್ಣ ತಿರುಳು ಹೆಕ್ಕಲು ಕಷ್ಟವಾಯಿತು. ಡಬ್ಲ್ಯು450 ಎಂದರೆ ಒಂದು ಪೌಂಡಿಗೆ 400ರಿಂದ 450 ತಿರುಳು. ಡಬ್ಲ್ಯು180, 210 ತೂಕದಲ್ಲಿ ಅವುಗಳ ಎರಡರಷ್ಟು ಅಥವಾ ಇನ್ನೂ ಹೆಚ್ಚು. ದೊಡ್ಡ ತಿರುಳಿನ ತಟ್ಟೆ, ಎರಡು ಹೋಳಾದದ್ದನ್ನು ಬೇರ್ಪಡಿಸುವ ಕೆಲಸ ಈಕೆಗೆ, ಸಣ್ಣದು ಪಕ್ಕದವರಿಗೆ ಎಂದು ಮೇಜಿನಲ್ಲೇ ಹಂಚಿಕೊಂಡರು. ಬಿಳಿ ಮೇಜಿನ ಮೇಲೆ ಕಡುನೀಲಿ ಹಾಳೆ ಹಾಸಿದ್ದರಿಂದ ಬೆರಳಿಗೆ ಗೊತ್ತಾಗದ್ದು ಕಣ್ಣಿಗೆ ಗೊತ್ತಾಯಿತು. ಕೀಮೋ ನಿಂತ ಮೇಲೂ ಜೋಮು ಕೆಲ ವಾರ ಏರಬಹುದು, ತಿಂಗಳುಗಟ್ಟಲೆ ಉಳಿಯಬಹುದು. ‘ಕೀಮೋ ಮುಗಿಯಿತಲ್ಲ, ಇನ್ನು ಕಟಿಂಗ್‌ಗೆ ಹೋಗಲಿ’ ಎನ್ನುವವರಿಗೆ ಇದನ್ನು ಮೊದಲೇ ಹೇಳಿಡಬೇಕು.

ಇಷ್ಟೆಲ್ಲ ಮಾಡಿ ಗಳಿಸಿದ್ದೆಷ್ಟು? ಗ್ರೇಡಿಂಗ್‌ನ ದಿನಗೂಲಿಯೂ ಹಳೆಯ ಸರಾಸರಿಯ 450ರಷ್ಟೇ ಎಂದಿಟ್ಟುಕೊಂಡರೂ ವಾರಕ್ಕೆ ಮೂರು ದಿನದ ಕೂಲಿ 1,350. ಮನೆಯಲ್ಲಿದ್ದಿದ್ದರೆ ಅದೇ ಮೂರು ದಿನಕ್ಕೆ ಭತ್ಯೆ 1,080. ಲಾಭ ಹೆಚ್ಚೆಂದರೆ 270 ರೂಪಾಯಿ, ಅದರ ಮೇಲೆ ವಾರಕ್ಕೊಂದು ಅಂತಿಮ, ಒಂದು ಮೊದಲ ಸರ್ಟಿಫಿಕೇಟಿನ ಓಡಾಟ. ಹಣಕ್ಕಾಗಿಯೇ ಆದರೆ ಇದು ಮಾಡುವ ಕೆಲಸವಲ್ಲ. ಏಪ್ರಿಲ್, ಮೇ ತಿಂಗಳ ಬಿಡಿಬಿಡಿ ದಿನಗಳಂತೂ ತೊಂದರೆಗೆ ತಕ್ಕ ಫಲ ಕೊಡಲಿಲ್ಲ, ಮೊದಲ ನಾಲ್ಕು ಸುತ್ತಿಗೆ ಒಂದೇ ಉದ್ದ ರಜೆ ಹಾಕಿದ್ದರೆ ಚೆನ್ನಾಗಿತ್ತು. ಜೂನ್ ನಂತರದ ದಿನಗಳಿಗೆ ಮಾತ್ರ ಬೇರೆ ಬೆಲೆಯಿದೆ: ಆ ಮೂರು ತಿಂಗಳಲ್ಲಿ ಆಕೆ ಗ್ರೇಡಿಂಗ್ ಕಲಿತರು. ಕಟಿಂಗ್ ಬಿಟ್ಟು ಬೇರೇನೂ ಬಾರದವರಾಗಿ ಹೋದವರು ಮೇಜಿನ ಕೆಲಸ ಬಲ್ಲವರಾಗಿ ಉಳಿದರು.

ವಿಕಿರಣದ ನಂತರ

ಆಗಸ್ಟ್ 30ಕ್ಕೆ ಕೀಮೋ ಮುಗಿಯಿತು. ಸೆಪ್ಟೆಂಬರಿನಲ್ಲಿ ಎರಡು ವಾರ ಕೆಲಸ, 23ರಿಂದ ವಿಕಿರಣ. ವಾರಕ್ಕೆ ಐದು ದಿನ, ದಿನಕ್ಕೆ ಹತ್ತು ಹದಿನೈದು ನಿಮಿಷದ್ದು, ಆದರೆ ದಿನವೂ ಘಟ್ಟ ಹತ್ತಿ ಇಳಿಯುವುದು ಆಗದ ಮಾತು. ಮೂರು ವಾರ ಹುಬ್ಬಳ್ಳಿಯಲ್ಲೇ ಉಳಿದರು, ಆ ಅವಧಿ ಪೂರ್ತಿ ಭತ್ಯೆಯದು. ಚರ್ಮ ಹೆಚ್ಚು ಕೆಂಪಾಗುವುದು ಕೊನೆಯ ವಿಕಿರಣದ ನಂತರದ ಒಂದೆರಡು ವಾರದಲ್ಲಿ. ಮುಗಿದ ಮರುದಿನವೇ ಫಿಟ್ ಸರ್ಟಿಫಿಕೇಟ್ ಪಡೆದರೆ ಬೆವರು, ರವಿಕೆಯ ಉಜ್ಜುವಿಕೆಯಲ್ಲಿ ಚರ್ಮ ಕಿತ್ತುಬರುತ್ತದೆ. ದೀಪಾವಳಿ ಕಳೆದ ಸೋಮವಾರ, ನವೆಂಬರ್ 4ಕ್ಕೆ ಹಾಜರಾದರು. ಮೊದಲ ಎರಡು ವಾರ ಮೂರು ದಿನ, ಆಮೇಲೆ ನಾಲ್ಕು, ಡಿಸೆಂಬರಿನಿಂದ ಆರು.

ತೋಳಿನ ಅಳತೆ ತಿಂಗಳಿಗೊಮ್ಮೆ: ಮಣಿಕಟ್ಟು, ಮೊಣಕೈಯಿಂದ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ, ಎರಡೂ ಕೈ, ಒಂದೇ ಟೇಪು, ದಿನದ ಒಂದೇ ಹೊತ್ತು. ಎರಡು ಕೈಗಳ ನಡುವೆ 2 ಸೆಂ.ಮೀ. ವ್ಯತ್ಯಾಸ ಬಂದರೆ ತಡಮಾಡದೆ ತೋರಿಸಬೇಕು. ಒತ್ತುತೋಳು (ಊತ ತಡೆಯಲು ತೋಳಿಗೆ ಹಾಕುವ ಬಿಗಿ ಬಟ್ಟೆ) ಹಾಕಿಕೊಂಡರೆ ಕರಾವಳಿಯ ಸೆಕೆಗೆ ಚರ್ಮದಲ್ಲಿ ಬೆವರು ನಿಂತು ತುರಿಕೆ ಬರುತ್ತದೆ, ಒಗೆದು ಬದಲಿಸಲು ಎರಡು ಜೊತೆ ಬೇಕೇಬೇಕು. ತೋಳಿಗೆ ಕೆಲಸವೇ ಕೊಡಬಾರದು ಎಂಬುದು ಹಳೆಯ ಸಲಹೆ. ನಿಧಾನವಾಗಿ ಭಾರ ಏರಿಸುತ್ತ ಹೋಗುವ ವ್ಯಾಯಾಮದಿಂದ ಊತ ಹೆಚ್ಚುವುದಿಲ್ಲ ಎಂಬುದು ಈಗಿನ ತಿಳಿವಳಿಕೆ, ಹಾಗಾಗಿ 5 ಕಿಲೋ ಮಿತಿಯನ್ನೂ ಫಿಸಿಯೋಥೆರಪಿಸ್ಟ್ ಹೇಳಿದಂತೆ ಹಂತ ಹಂತವಾಗಿ ಸಡಿಲಿಸಲಾಯಿತು. ಗೇರೆಣ್ಣೆಯ ನಿಷೇಧ ಸಡಿಲಿಸಲಿಲ್ಲ, ಅದು ಉಳಿದ ವರ್ಷಗಳಿಗೂ.

ಟ್ಯಾಮೊಕ್ಸಿಫೆನ್‌ನಿಂದ ಮೈ ಇದ್ದಕ್ಕಿದ್ದಂತೆ ಬಿಸಿಯೇರಿ ಬೆವರುತ್ತದೆ. ಕುರ್ಚಿಯನ್ನು ಕಿಟಕಿ ಬದಿಗೆ ತಂದರೆ ಮುಗಿಯಿತು ಅನ್ನಿಸಿದರೂ ಅಲ್ಲಿ ಫ್ಯಾನ್ ಹಾಕುವಂತಿಲ್ಲ, ತಿರುಳಿನ ಹೊಟ್ಟು ಹಾರುತ್ತದೆ. ಬಾಗಿಲ ಪಕ್ಕದ ಜಾಗವೇ ಸರಿಹೋಯಿತು.

ಲೆಕ್ಕದಲ್ಲಿ ಒಂದು ತೂತು ಉಳಿದಿತ್ತು. 2024ರ ಏಪ್ರಿಲ್–ಸೆಪ್ಟೆಂಬರಿನಲ್ಲಿ ಆಕೆ ದುಡಿದದ್ದು ಅರವತ್ತು ದಿನದ ಆಸುಪಾಸು, 78 ಆಗಲಿಲ್ಲ. ಹಾಗಾಗಿ 2025ರ ಜನವರಿಯಿಂದ ಜೂನ್‌ವರೆಗೆ ಸಾಮಾನ್ಯ ಜ್ವರ, ಕೆಮ್ಮಿಗೆ ಕಾಯಿಲೆ ಭತ್ಯೆಯಿಲ್ಲ. ಇದು ಮೊದಲೇ ಗೊತ್ತಿದ್ದದ್ದರಿಂದ 2023ರ ದುಡಿಮೆಗೆ ಸಿಕ್ಕ ಸಂಬಳದ ರಜೆಯನ್ನು, ಕಾರ್ಖಾನೆ ಕಾಯ್ದೆಯಂತೆ 20 ದಿನಕ್ಕೊಂದರಂತೆ ಬಂದದ್ದನ್ನು, ಚಿಕಿತ್ಸೆಯ ಕಾಲದಲ್ಲಿ ಮುಟ್ಟದೆ ಮುಂದಿನ ವರ್ಷಕ್ಕೆ ಉಳಿಸಿಕೊಂಡಿದ್ದರು. ಫೆಬ್ರವರಿಯ ಜ್ವರಕ್ಕೂ ತಪಾಸಣೆಯ ದಿನಗಳಿಗೂ ಅದೇ ಬಳಕೆಯಾಯಿತು.

ಹೆರಿಗೆ ರಜೆ ಮುಗಿಸಿ ಗ್ರೇಡಿಂಗ್‌ನವರು ಮರಳಿದಾಗ, ಬರೆದುಕೊಟ್ಟಂತೆ ಈಕೆ ಜಾಗ ಬಿಡಬೇಕಾಯಿತು. ಎರಡನೇ ಪತ್ರದ ಆಧಾರದಲ್ಲಿ ಸಿಕ್ಕದ್ದು ಪ್ಯಾಕಿಂಗ್‌ನ ತೂಕದ ಮೇಜು: ತಿರುಳು ತೂಗಿ ಟಿನ್ನಿಗೆ ಸುರಿಯುವುದು, ಲೇಬಲ್ ಅಂಟಿಸುವುದು, ಲಾಟ್ ನಂಬರ್ ಪುಸ್ತಕಕ್ಕೆ ಬರೆಯುವುದು. ತುಂಬಿದ ಟಿನ್ನನ್ನು ಮೇಜಿನಿಂದ ಇಳಿಸುವುದು ಎದುರಿಗಿನವರ ಕೆಲಸ ಎಂದು ವಿಭಾಗದ ಹಾಳೆಯಲ್ಲೇ ನಮೂದಾಗಿದೆ. ಗ್ರೇಡಿಂಗ್‌ನಲ್ಲಿ ರಜೆಯಾದ ದಿನ ಬದಲಿಗೆ ಕೂರಿಸುವವರ ಪಟ್ಟಿಯಲ್ಲಿ ಆಕೆಯ ಹೆಸರೂ ಸೇರಿದೆ.